ಕೊಡುವಾಗ ಒಂದು ಸೇರು, ವಸೂಲಿಗೆ ಇನ್ನೊಂದು ಸೇರು



ನಿನ್ನ ಸಾಲ ಎಷ್ಟಪ್ಪಾ ಅಂತ ಯಾರಾದರೂ ಕೇಳಿದರೆ ನಾವೆಲ್ಲ ರೂಪಾಯಿ ಲೆಕ್ಕದಲ್ಲಿ ಹೇಳುತ್ತೇವೆ. ಎರಡು ಲಕ್ಷ, ನಾಲ್ಕು ಲಕ್ಷ. ಎಷ್ಟು ಕ್ವಿಂಟಾಲ್ ಅಂತ ಯಾರೂ ಹೇಳುವುದಿಲ್ಲ. ಆದರೆ ರೈತ ಸಾಲ ತೀರಿಸುವುದು ರೂಪಾಯಿ ಅಚ್ಚು ಹಾಕಿ ಅಲ್ಲ, ಕ್ವಿಂಟಾಲ್ ಮಾರಿ. ಸಾಲ ತಂದ ದಿನ ಅದು ನಲವತ್ತು ಕ್ವಿಂಟಾಲ್ ಮೆಕ್ಕೆಜೋಳದ ಸಾಲವಾಗಿತ್ತು, ತೀರಿಸುವ ದಿನ ಬೆಲೆ ಬಿದ್ದು ಅರವತ್ತು ಕ್ವಿಂಟಾಲ್ ಆಯಿತು ಅನ್ನಿ. ಪಾಸ್‌ಬುಕ್ಕಿನಲ್ಲಿ ಒಂದು ಪೈಸೆ ಬಡ್ಡಿ ಏರದೆಯೂ ಸಾಲ ಒಂದೂವರೆ ಪಟ್ಟಾಯಿತು. ಇದನ್ನು ಯಾವ ಬ್ಯಾಂಕಿನ ರಿಜಿಸ್ಟರೂ ಬರೆದುಕೊಳ್ಳುವುದಿಲ್ಲ.

ಹಿಂದಿನ ಕಾಲದ ಕೆಲವು ಸಾಹುಕಾರರು ಎರಡು ಸೇರು ಇಟ್ಟುಕೊಂಡಿರುತ್ತಿದ್ದರು ಎಂದು ಹಿರಿಯರು ಹೇಳುವುದುಂಟು. ಕಾಳು ಅಳೆದು ಕೊಡುವಾಗ ಸಣ್ಣ ಸೇರು, ಸುಗ್ಗಿಯಲ್ಲಿ ವಸೂಲಿ ಮಾಡುವಾಗ ದೊಡ್ಡ ಸೇರು. ಅಂಥ ಸಾಹುಕಾರನನ್ನು ಕಣದಲ್ಲಿಯೇ ಹಿಡಿಯಬಹುದಿತ್ತು. ಆದರೆ ಸೇರು ಒಂದೇ ಇದ್ದು, ಸಾಲ ಕೊಟ್ಟ ಮೇಲೆ ಅದು ತನ್ನಷ್ಟಕ್ಕೆ ತಾನೇ ದೊಡ್ಡದಾಗುತ್ತಾ ಹೋದರೆ? ಆಗ ಕಳ್ಳ ಯಾರು, ಹಿಡಿಯುವುದು ಯಾರನ್ನು?

ಈ ಪ್ರಶ್ನೆಯನ್ನು ನೂರೈವತ್ತು ವರ್ಷಗಳ ಹಿಂದೆ ಅಮೆರಿಕದ ರೈತರು ಕೇಳಿದರು. ಬರೀ ಕೇಳಿ ಸುಮ್ಮನಾಗಲಿಲ್ಲ, ಅದರ ಮೇಲೆಯೇ ಒಂದು ಪಕ್ಷ ಕಟ್ಟಿ ರಾಷ್ಟ್ರಾಧ್ಯಕ್ಷರ ಚುನಾವಣೆಗೆ ನಿಂತರು. ಅದೇ ಗ್ರೀನ್‌ಬ್ಯಾಕ್ ಪಕ್ಷ. ನಮ್ಮ ಶಾಲೆಯ ಪುಸ್ತಕದಲ್ಲಿ ಲಿಂಕನ್ ಇದ್ದಾನೆ, ಗುಲಾಮಗಿರಿ ರದ್ದಾದದ್ದು ಇದೆ. ಈ ರೈತರು ಇಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹಸಿರು ಬೆನ್ನಿನ ನೋಟು

1861ರಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಹತ್ತಿಕೊಂಡಿತು. ಲಿಂಕನ್ ಸರ್ಕಾರಕ್ಕೆ ಸೈನಿಕರ ಸಂಬಳಕ್ಕೂ ದುಡ್ಡಿಲ್ಲದ ಸ್ಥಿತಿ. ಬ್ಯಾಂಕುಗಳಲ್ಲಿ ಚಿನ್ನ ಮುಗಿದಿತ್ತು. ಆಗ 1862ರ ಫೆಬ್ರವರಿ 25ರಂದು ಒಂದು ಕಾನೂನು ಮಾಡಿ, ಚಿನ್ನದ ಆಧಾರವಿಲ್ಲದೆ ಸರ್ಕಾರವೇ ಕಾಗದದ ನೋಟು ಅಚ್ಚು ಹಾಕಿತು. ಮೊದಲು 15 ಕೋಟಿ ಡಾಲರ್, ಮುಂದೆ ಒಟ್ಟು 45 ಕೋಟಿ ಡಾಲರಿಗೆ ಅನುಮತಿಯಾಯಿತು. ನೋಟಿನ ಹಿಂಬದಿ ಹಸಿರು ಬಣ್ಣ. ಅದಕ್ಕೇ ಜನ ಗ್ರೀನ್‌ಬ್ಯಾಕ್, ಅಂದರೆ ಹಸಿರು ಬೆನ್ನು, ಅಂತ ಕರೆದರು.

ಈ ಕಾನೂನಿನಲ್ಲಿ ಒಂದು ಸಣ್ಣ ಬಾಲ ಇತ್ತು. ಎಲ್ಲ ಬಾಕಿಗೂ ಈ ನೋಟು ನಡೆಯತಕ್ಕದ್ದು, ಎರಡು ಕಡೆ ಬಿಟ್ಟು. ಒಂದು, ಆಮದು ಸುಂಕ. ಇನ್ನೊಂದು, ಸರ್ಕಾರಕ್ಕೆ ಸಾಲ ಕೊಟ್ಟವರ ಬಡ್ಡಿ. ಅದನ್ನು ಚಿನ್ನದಲ್ಲಿಯೇ ಕೊಡಬೇಕು. ಅಂದರೆ ರಣರಂಗದಲ್ಲಿ ಗುಂಡಿಗೆ ಎದೆಯೊಡ್ಡಿದ ಸಿಪಾಯಿಗೆ ತಿಂಗಳಿಗೆ 13 ಡಾಲರ್, ಅದೂ ಕಾಗದದಲ್ಲಿ. ದಪ್ತರದಲ್ಲಿ ಕೂತು ಸರ್ಕಾರದ ಬಾಂಡ್ ಕೊಂಡವನಿಗೆ ನೂರಕ್ಕೆ ಆರರ ಬಡ್ಡಿ, ಚಿನ್ನದಲ್ಲಿ. ಉಳುವ ರೈತನಿಗೂ, ಕೂಲಿಗೂ ಕಾಗದವೇ.

1864ರ ಜುಲೈ ಹೊತ್ತಿಗೆ ಒಂದು ಕಾಗದದ ಡಾಲರಿಗೆ ಚಿನ್ನದಲ್ಲಿ 35ರಿಂದ 40 ಸೆಂಟ್ ಮಾತ್ರ ಸಿಗುತ್ತಿತ್ತು. ಆ ಅಗ್ಗದ ಕಾಗದ ಕೊಟ್ಟು ಶ್ರೀಮಂತರು ಬಾಂಡ್ ಕೊಂಡರು. ಯುದ್ಧ ಮುಗಿದ ಮೇಲೆ 1869ರಲ್ಲಿ ಸರ್ಕಾರ ಇನ್ನೊಂದು ಕಾನೂನು ಮಾಡಿ, ಬಾಂಡಿನ ಅಸಲನ್ನೂ ನಾಣ್ಯದಲ್ಲಿಯೇ ಕೊಡುತ್ತೇವೆ ಎಂದು ಭರವಸೆ ಕೊಟ್ಟಿತು. ನಲವತ್ತು ಕೊಟ್ಟವನಿಗೆ ನೂರು! ಅದನ್ನು ತೆರುವವರು ಯಾರು? ತೆರಿಗೆ ಕಟ್ಟುವ ಜನ. ಉಂಡೂ ಹೋದ, ಕೊಂಡೂ ಹೋದ ಅನ್ನುವುದು ಇದಕ್ಕೇ.

ಬ್ಯಾಂಕಿನವರದು ಇನ್ನೂ ಚೆಂದದ ವ್ಯವಸ್ಥೆ. 1863 ಮತ್ತು 1864ರ ರಾಷ್ಟ್ರೀಯ ಬ್ಯಾಂಕ್ ಕಾನೂನುಗಳ ಪ್ರಕಾರ ಒಂದು ಲಕ್ಷ ಡಾಲರಿನ ಸರ್ಕಾರಿ ಬಾಂಡನ್ನು ಠೇವಣಿ ಇಟ್ಟ ಬ್ಯಾಂಕು ತನ್ನ ಹೆಸರಿನಲ್ಲಿ ತೊಂಬತ್ತು ಸಾವಿರ ಡಾಲರ್ ನೋಟು ಹೊರಡಿಸಬಹುದಿತ್ತು. ಠೇವಣಿ ಇಟ್ಟ ಬಾಂಡಿಗೆ ಸರ್ಕಾರ ಬಡ್ಡಿ ಕೊಡುತ್ತದೆ. ಹೊರಡಿಸಿದ ನೋಟನ್ನು ಸಾಲ ಪಡೆದ ರೈತನೂ ಬಡ್ಡಿ ಕೊಡುತ್ತಾನೆ. ಒಂದೇ ದುಡ್ಡಿಗೆ ಎರಡು ಬಡ್ಡಿ. ಅಚ್ಚು ಹಾಕುವ ಅಧಿಕಾರ ಸರ್ಕಾರದ್ದೇ ಆಗಿರುವಾಗ ನಡುವೆ ಈ ದಲ್ಲಾಳಿ ಯಾಕೆ ಎಂಬುದೇ ಮುಂದೆ ಗ್ರೀನ್‌ಬ್ಯಾಕ್ ರೈತರ ಮುಖ್ಯ ಪ್ರಶ್ನೆಯಾಯಿತು.

ನೋಟು ಕಮ್ಮಿ ಮಾಡಿದರು, ಸಾಲ ಜಾಸ್ತಿಯಾಯಿತು

ಯುದ್ಧ 1865ರಲ್ಲಿ ಮುಗಿಯಿತು. ಕಾಗದದ ನೋಟು ರೋಗ, ಚಿನ್ನವೇ ಆರೋಗ್ಯ ಅಂತ ಖಜಾನೆ ಮಂತ್ರಿ ಹ್ಯೂ ಮೆಕಲಾಕ್ ತೀರ್ಮಾನಿಸಿದ. 1866ರ ಕಾನೂನಿನಂತೆ ಮೊದಲ ಆರು ತಿಂಗಳಲ್ಲಿ 1 ಕೋಟಿ ಡಾಲರ್, ಆಮೇಲೆ ತಿಂಗಳಿಗೆ 40 ಲಕ್ಷದವರೆಗೆ ಗ್ರೀನ್‌ಬ್ಯಾಕ್ ನೋಟುಗಳನ್ನು ಚಲಾವಣೆಯಿಂದ ತೆಗೆದು ನಾಶ ಮಾಡಬಹುದಾಗಿತ್ತು. ಜನ ಕೂಗಾಡಿದ ಮೇಲೆ 1868ರಲ್ಲಿ ಅದು ನಿಂತಿತು. ಆದರೆ ಚಿನ್ನಕ್ಕೆ ವಾಪಸ್ ಹೋಗುವ ಹಟ ನಿಲ್ಲಲಿಲ್ಲ. 1873ರಲ್ಲಿ ಬೆಳ್ಳಿ ಡಾಲರನ್ನು ಟಂಕಿಸುವುದನ್ನೂ ಬಿಟ್ಟರು.

ಇದನ್ನು ಸ್ವಲ್ಪ ಬಿಡಿಸಿ ನೋಡೋಣ. 1860ರಲ್ಲಿ ಅಮೆರಿಕದ ಜನಸಂಖ್ಯೆ ಸುಮಾರು 3 ಕೋಟಿ 14 ಲಕ್ಷ. 1890ಕ್ಕೆ ಅದು 6 ಕೋಟಿ 29 ಲಕ್ಷ. ಜನ ಇಮ್ಮಡಿ. ರೈಲು ಬಂತು, ಪಶ್ಚಿಮದ ಹುಲ್ಲುಗಾವಲೆಲ್ಲ ಉಳುಮೆಗೆ ಬಿತ್ತು, ಫಸಲು ಅದಕ್ಕಿಂತ ಹೆಚ್ಚು ಬೆಳೆಯಿತು. ಆದರೆ ಫಸಲನ್ನು ಕೊಳ್ಳುವ ದುಡ್ಡು ಆ ಪ್ರಮಾಣದಲ್ಲಿ ಬೆಳೆಯಲಿಲ್ಲ. ಸಂತೆಗೆ ಬಂದ ಮೂಟೆ ಹತ್ತು, ಕೊಳ್ಳುವವರ ಜೇಬಿನಲ್ಲಿ ಐದು ಮೂಟೆಯ ದುಡ್ಡು. ಬೆಲೆ ಬೀಳದೆ ಏನು ಮಾಡೀತು?

1866-67ರ ಸುಮಾರಿಗೆ ಒಂದು ಬುಷೆಲ್ ಗೋಧಿಗೆ, ಅಂದರೆ ನಮ್ಮ 27 ಕಿಲೋಗೆ, ರೈತನಿಗೆ ಸುಮಾರು 2 ಡಾಲರ್ ಸಿಕ್ಕಿತ್ತು. 1870ರ ಹೊತ್ತಿಗೆ 1 ಡಾಲರ್. 1894ರಲ್ಲಿ ಅರ್ಧ ಡಾಲರ್. ಹತ್ತಿ 1870ರ ದಶಕದ ಆರಂಭದಲ್ಲಿ ಪೌಂಡಿಗೆ 15 ಸೆಂಟ್ ಆಸುಪಾಸು ಇದ್ದದ್ದು 1894ರಲ್ಲಿ 5 ಸೆಂಟ್ ಆಸುಪಾಸಿಗೆ ಬಂತು. ಗೋಧಿ ಒಂದು ಡಾಲರ್ ಇದ್ದಾಗ ಜಮೀನು ಅಡವಿಟ್ಟು ಸಾವಿರ ಡಾಲರ್ ತಂದವನ ಸಾಲ ಸಾವಿರ ಬುಷೆಲ್. ಅರ್ಧ ಡಾಲರ್ ಆದಾಗ ಅದೇ ಸಾಲ ಎರಡು ಸಾವಿರ ಬುಷೆಲ್. ಬಡ್ಡಿ ಬೇರೆ. ಪತ್ರದಲ್ಲಿ ಒಂದಕ್ಷರ ಬದಲಾಗಿಲ್ಲ. ಸೇರು ಮಾತ್ರ ತಾನೇ ಬೆಳೆದಿದೆ.

ದಕ್ಷಿಣ ರಾಜ್ಯಗಳಲ್ಲಿ ಇನ್ನೂ ಘೋರ. ಯುದ್ಧದಿಂದ ಅಲ್ಲಿಯ ಬ್ಯಾಂಕುಗಳೇ ನಾಶವಾಗಿದ್ದವು. ಊರಿನ ಅಂಗಡಿಯವನೇ ಸಾಲಗಾರ. ಬಿತ್ತುವ ಮೊದಲೇ ಮುಂದಿನ ಹತ್ತಿ ಬೆಳೆಯನ್ನು ಅವನಿಗೆ ಬರೆದುಕೊಟ್ಟು, ಉಪ್ಪು ಹಿಟ್ಟು ಬಟ್ಟೆ ಉದ್ದರಿ ತರಬೇಕು. ಉದ್ದರಿ ಬೆಲೆ ಬೇರೆ, ನಗದು ಬೆಲೆ ಬೇರೆ. ಸುಗ್ಗಿಯಲ್ಲಿ ಲೆಕ್ಕ ನೋಡಿದರೆ ಬೆಳೆಯೆಲ್ಲ ಕೊಟ್ಟರೂ ಬಾಕಿ ಉಳಿಯುತ್ತಿತ್ತು. ಬಾಕಿ ಉಳಿದವನು ಮುಂದಿನ ವರ್ಷವೂ ಅದೇ ಅಂಗಡಿಗೆ ಹೋಗಬೇಕು, ಅವನು ಹೇಳಿದ ಹತ್ತಿಯನ್ನೇ ಬೆಳೆಯಬೇಕು. ಬಿಳಿಯ ಬಡರೈತ, ಗುಲಾಮಗಿರಿಯಿಂದ ಆಗ ತಾನೇ ಬಿಡುಗಡೆಯಾದ ಕಪ್ಪು ರೈತ, ಇಬ್ಬರೂ ಅದೇ ಖಾತೆ ಪುಸ್ತಕದಲ್ಲಿ ಸಿಕ್ಕಿಬಿದ್ದಿದ್ದರು.

ಈ ಯುದ್ಧದ ಬಿಸಿ ನಮ್ಮ ಧಾರವಾಡ ಸೀಮೆಗೂ ತಟ್ಟಿತ್ತು ಎಂಬುದನ್ನು ಮರೆಯಬಾರದು. ಅಮೆರಿಕದ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಾಗ ಧಾರವಾಡ, ಗದಗದ ಹತ್ತಿಗೆ ಚಿನ್ನದ ಬೆಲೆ ಬಂತು. ಕುಮಟಾ ಬಂದರಿನಿಂದ ಮುಂಬಯಿಗೆ, ಅಲ್ಲಿಂದ ಲಿವರ್‌ಪೂಲಿಗೆ ಹತ್ತಿ ಹೋಯಿತು. 1865ರಲ್ಲಿ ಅಲ್ಲಿ ಯುದ್ಧ ನಿಂತಿತು, ಇಲ್ಲಿ ಬೆಲೆ ಬಿತ್ತು. ಏರುಬೆಲೆಯ ಕಾಲದ ಸಾಲ ಇಳಿಬೆಲೆಯ ಕಾಲಕ್ಕೆ ಉಳಿಯಿತು. 1875ರ ಮೇ ತಿಂಗಳಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಹುಡುಕಿ ಹುಡುಕಿ ಸುಟ್ಟರು. ಅದೇ 1875ರ ಜನವರಿಯಲ್ಲಿ ಅಮೆರಿಕದ ಸರ್ಕಾರ, ಇನ್ನು ನಾಲ್ಕು ವರ್ಷದಲ್ಲಿ ನೋಟಿಗೆ ಚಿನ್ನ ಕೊಡುತ್ತೇವೆ, ಅಷ್ಟರೊಳಗೆ ನೋಟನ್ನು 30 ಕೋಟಿಗೆ ಇಳಿಸುತ್ತೇವೆ ಎಂದು ಕಾನೂನು ಮಾಡಿತ್ತು. ಇಲ್ಲಿಯ ರೈತ ಪತ್ರ ಸುಟ್ಟ, ಅಲ್ಲಿಯ ರೈತ ಪಕ್ಷ ಕಟ್ಟಿದ.

ಪಕ್ಷ ಕಟ್ಟಿದವರು

1873ರ ಸೆಪ್ಟೆಂಬರ್ 18ರಂದು ಜೇ ಕುಕ್ ಎಂಬ ದೊಡ್ಡ ಲೇವಾದೇವಿ ಮನೆ ಮುಳುಗಿತು. ಯುದ್ಧಕಾಲದಲ್ಲಿ ಸರ್ಕಾರದ ಬಾಂಡು ಮಾರಿ ಹೆಸರಾದವನು, ಆಮೇಲೆ ರೈಲು ಕಂಪನಿಯಲ್ಲಿ ಕೈ ಸುಟ್ಟುಕೊಂಡಿದ್ದ. ಅವನ ಹಿಂದೆ ಬ್ಯಾಂಕುಗಳು ಸಾಲುಸಾಲಾಗಿ ಬಿದ್ದವು. ನೋಟನ್ನು 40 ಕೋಟಿಗೆ ಏರಿಸುವ ಮಸೂದೆ 1874ರಲ್ಲಿ ಶಾಸನ ಸಭೆಯಲ್ಲಿ ಪಾಸಾದರೂ ರಾಷ್ಟ್ರಾಧ್ಯಕ್ಷ ಗ್ರಾಂಟ್ ಸಹಿ ಹಾಕಲಿಲ್ಲ. ಮರುವರ್ಷವೇ ಮೇಲೆ ಹೇಳಿದ ಚಿನ್ನದ ಕಾನೂನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ರೈಲಿನ ಜೂಜು ಆಡಿದವರು ಬಿದ್ದರು, ಬರೆ ಬಿದ್ದದ್ದು ರೈತನಿಗೆ.

ಆಗ 1874ರ ನವೆಂಬರಿನಲ್ಲಿ ಇಂಡಿಯಾನಾಪೊಲಿಸ್ ಪಟ್ಟಣದಲ್ಲಿ ರೈತ ಮುಖಂಡರು ಸೇರಿದರು. 1876ರ ಮೇ ತಿಂಗಳಲ್ಲಿ ಅಲ್ಲಿಯೇ ಮಹಾಸಭೆ ಮಾಡಿ ಪೀಟರ್ ಕೂಪರ್ ಎಂಬ 85 ವರ್ಷದ ಮುದುಕನನ್ನು ರಾಷ್ಟ್ರಾಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿದರು. ಅಂಟು ಮಾಡುವ ಕಾರ್ಖಾನೆಯಿಂದ ಶ್ರೀಮಂತನಾಗಿ, ಬಡಮಕ್ಕಳಿಗೆ ಪುಕ್ಕಟೆ ವಿದ್ಯೆ ಕೊಡುವ ಶಾಲೆ ಕಟ್ಟಿಸಿದ ದೊಡ್ಡ ಮನುಷ್ಯ. ಓಟು ಬಿದ್ದದ್ದು ಸುಮಾರು 82 ಸಾವಿರ, ನೂರಕ್ಕೆ ಒಂದೂ ಇಲ್ಲ. ಪೇಟೆಯ ಪತ್ರಿಕೆಗಳು ನಕ್ಕವು.

ಅವರ ಬೇಡಿಕೆ ನಗುವಂಥದ್ದೇನೂ ಆಗಿರಲಿಲ್ಲ. ಚಿನ್ನದ ಕಾನೂನು ರದ್ದಾಗಲಿ. ನೋಟನ್ನು ಬ್ಯಾಂಕುಗಳಲ್ಲ, ಸರ್ಕಾರವೇ ನೇರವಾಗಿ ಹೊರಡಿಸಲಿ. ನೋಟು ಹೆಚ್ಚಾಗಿದೆ ಅನ್ನಿಸಿದವರು ಅದನ್ನು ಸರ್ಕಾರಿ ಬಾಂಡಿಗೆ ಬದಲಾಯಿಸಿಕೊಳ್ಳಲಿ, ಬಡ್ಡಿ ನೂರು ಡಾಲರಿಗೆ ದಿನಕ್ಕೆ ಒಂದು ಸೆಂಟ್ ಮೀರಕೂಡದು. ಅಂದರೆ ವರ್ಷಕ್ಕೆ 3 ಡಾಲರ್ 65 ಸೆಂಟ್. ಸಂತೆಗೆ ದುಡ್ಡು ಬೇಕಾದಾಗ ಬಾಂಡು ನೋಟಾಗುತ್ತದೆ, ಬೇಡವಾದಾಗ ನೋಟು ಬಾಂಡಾಗುತ್ತದೆ. ಕೆರೆಗೆ ತೂಬು ಇಟ್ಟ ಹಾಗೆ. ಮನಸ್ಸಿಗೆ ಬಂದಷ್ಟು ಅಚ್ಚು ಹಾಕಿ ಅಂತ ಅವರು ಹೇಳಿರಲಿಲ್ಲ.

1877ರಲ್ಲಿ ರೈಲು ಕಂಪನಿಗಳು ಕೂಲಿ ಇಳಿಸಿದಾಗ ದೇಶದ ಉದ್ದಗಲಕ್ಕೂ ರೈಲು ಕಾರ್ಮಿಕರು ಮುಷ್ಕರ ಹೂಡಿದರು. ಸೈನ್ಯ ಬಂತು, ಗುಂಡು ಹಾರಿತು. 1878ರ ಫೆಬ್ರವರಿಯಲ್ಲಿ ಟೊಲೀಡೊ ಪಟ್ಟಣದಲ್ಲಿ ರೈತರೂ ಕಾರ್ಮಿಕರೂ ಒಂದಾಗಿ ಗ್ರೀನ್‌ಬ್ಯಾಕ್ ಲೇಬರ್ ಪಕ್ಷವಾಯಿತು. ಆ ವರ್ಷದ ಚುನಾವಣೆಯಲ್ಲಿ ದೇಶದಾದ್ಯಂತ ಹತ್ತು ಲಕ್ಷಕ್ಕಿಂತ ಹೆಚ್ಚು ಓಟು ಬಿದ್ದು, ಹನ್ನೆರಡಕ್ಕಿಂತ ಹೆಚ್ಚು ಜನ ಶಾಸನ ಸಭೆಗೆ ಹೋದರು. ಮೇನ್ ರಾಜ್ಯದಿಂದ ಗೆದ್ದ ಥಾಂಪ್ಸನ್ ಮರ್ಚ್ ಕಲ್ಲುಕುಟಿಗ. ಅಯೋವಾದಿಂದ ಜೇಮ್ಸ್ ವೀವರ್ ಗೆದ್ದ, ಅವನ ಹೆಸರು ಮುಂದೆಯೂ ಬರುತ್ತದೆ.

ಅದೇ ಮೇನ್ ರಾಜ್ಯದಲ್ಲಿ ಸೋಲನ್ ಚೇಸ್ ಎಂಬ ರೈತನಿದ್ದ. ಜನ ಪ್ರೀತಿಯಿಂದ ಸೋಲನ್ ಮಾವ ಅನ್ನುತ್ತಿದ್ದರು. ಅವನು ಭಾಷಣಕ್ಕೆ ಹೋಗುವಾಗ ಜೋಡಿ ಎತ್ತು ಹೊಡೆದುಕೊಂಡೇ ಹೋಗುತ್ತಿದ್ದ. ಈ ಎತ್ತು ನೋಡಿ, ಕೊಂಡಾಗಿನ ಬೆಲೆ ಇಷ್ಟು, ಹುಲ್ಲು ಹಾಕಿ ಸಾಕಿ ಬೆಳೆಸಿದ ಮೇಲೆ ಈಗಿನ ಬೆಲೆ ಅದಕ್ಕಿಂತ ಕಮ್ಮಿ, ನಾನು ಹಾಕಿದ ಹುಲ್ಲು ಎಲ್ಲಿ ಹೋಯಿತು ಎಂಬುದು ಅವನ ವಾದ. ಅರ್ಥಶಾಸ್ತ್ರದ ದೊಡ್ಡ ಪುಸ್ತಕ ಹೇಳಲಾರದ್ದನ್ನು ಆ ಎತ್ತುಗಳು ಹೇಳಿದವು.

ಈ ಕೂಗಿಗೆ ಹೆದರಿ 1878ರ ಮೇ ತಿಂಗಳಲ್ಲಿಯೇ ಒಂದು ಕಾನೂನಾಯಿತು. ಇನ್ನು ಮುಂದೆ ಗ್ರೀನ್‌ಬ್ಯಾಕ್ ನೋಟನ್ನು ನಾಶ ಮಾಡಕೂಡದು, ಇರುವ ಸುಮಾರು 34 ಕೋಟಿ 67 ಲಕ್ಷ ಡಾಲರ್ ಹಾಗೆಯೇ ಉಳಿಯತಕ್ಕದ್ದು. ಅಧಿಕಾರಕ್ಕೆ ಬಾರದ ಪಕ್ಷ ಗಳಿಸಿಕೊಂಡದ್ದು ಇದು. ಚಳವಳಿಯ ಲಾಭವನ್ನು ಗೆದ್ದ ಸೀಟಿನಲ್ಲಿ ಮಾತ್ರ ಎಣಿಸುವವರು ಇದನ್ನು ಗಮನಿಸಬೇಕು.

ಹಾಲು ಮತ್ತು ಚೀಟಿ

ವಿರೋಧಿಗಳು ಸುಮ್ಮನಿರಲಿಲ್ಲ. ಇದು ಚಿಂದಿಯ ದುಡ್ಡು ಅಂದರು. ಥಾಮಸ್ ನ್ಯಾಸ್ಟ್ ಎಂಬ ಹೆಸರಾಂತ ವ್ಯಂಗ್ಯಚಿತ್ರಕಾರ 1876ರಲ್ಲಿ ಒಂದು ಚಿತ್ರ ಬರೆದ. ಚಿಂದಿ ಬಟ್ಟೆಯ ಕೂಸಿಗೆ ಹಾಲಿನ ಬದಲು ಹಾಲಿನ ಚೀಟಿ. ಕಾಗದದ ಮೇಲೆ ಹಾಲು ಅಂತ ಬರೆದರೆ ಹೊಟ್ಟೆ ತುಂಬುತ್ತದೆಯೇ ಎಂಬುದು ಅವನ ಕುಚೋದ್ಯ.

ಇದರಲ್ಲಿ ಅರ್ಧ ಸತ್ಯವಿದೆ, ಒಪ್ಪೋಣ. ಅದೇ ಯುದ್ಧದಲ್ಲಿ ದಕ್ಷಿಣದ ಸರ್ಕಾರ ಲೆಕ್ಕವಿಲ್ಲದೆ ನೋಟು ಅಚ್ಚು ಹಾಕಿತು, ಕೊನೆಗೆ ಅದು ಒಲೆಗೆ ಹಾಕುವ ಕಾಗದವಾಯಿತು. ಮಾಲಿಲ್ಲದೆ ನೋಟು ಹೆಚ್ಚಿದರೆ ಬೆಲೆ ಏರುತ್ತದೆ. ಗೊಬ್ಬರ, ಎಣ್ಣೆ, ಬಟ್ಟೆ ಎಲ್ಲವೂ ಏರುತ್ತದೆ. ಜಮೀನುಳ್ಳ ನಾವು ಹೇಗೋ ತಡೆದುಕೊಂಡೇವು. ನಮ್ಮ ಹೊಲಕ್ಕೆ ಕೂಲಿಗೆ ಬರುವವನ ಗತಿ ಏನು? ಕೂಲಿ ಏರುವ ಮೊದಲೇ ಅಕ್ಕಿ ಏರಿರುತ್ತದೆ. ಅವನನ್ನು ಬಿಟ್ಟು ರೈತರ ಅರ್ಥಶಾಸ್ತ್ರ ಬರೆದರೆ ಅದು ಅರ್ಧ ಶಾಸ್ತ್ರ.

ಆದರೆ ಚಿತ್ರಕಾರ ಬರೆಯದ ಇನ್ನೊಂದು ಅರ್ಧವಿದೆ. ಹಾಲು ಇದೆ, ಚೀಟಿ ಇಲ್ಲ. ಆಗ ಏನಾಗುತ್ತದೆ? ಮುಂದೆ 1889-90ರ ಚಳಿಗಾಲದಲ್ಲಿ ಕಾನ್ಸಾಸ್ ರೈತರು ಮುಸುಕಿನ ಜೋಳದ ತೆನೆಯನ್ನೇ ಒಲೆಗೆ ಹಾಕಿ ಉರಿಸಿದರು. ಜೋಳ ಮಾರಿ ಕಲ್ಲಿದ್ದಲು ಕೊಳ್ಳುವುದಕ್ಕಿಂತ ಜೋಳವನ್ನೇ ಸುಡುವುದು ಅಗ್ಗವಾಗಿತ್ತು. ಟೊಮೆಟೊ ರಸ್ತೆಗೆ ಸುರಿದು ಬಂದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಾಕೆ ಸೋತರು?

1880ರಲ್ಲಿ ವೀವರ್ ರಾಷ್ಟ್ರಾಧ್ಯಕ್ಷ ಸ್ಥಾನಕ್ಕೆ ನಿಂತ. ಆದಾಯ ಹೆಚ್ಚಿದಂತೆ ಹೆಚ್ಚುವ ತೆರಿಗೆ, ರೈಲು ಬಾಡಿಗೆಯ ಮೇಲೆ ಹತೋಟಿ, ಇವೂ ಅವನ ಪಟ್ಟಿಯಲ್ಲಿದ್ದವು. ಊರೂರು ಸುತ್ತಿದ. ಬಂದದ್ದು ಮೂರು ಲಕ್ಷ ಚಿಲ್ಲರೆ ಓಟು, ನೂರಕ್ಕೆ ಮೂರು. 1884ರಲ್ಲಿ ಬೆಂಜಮಿನ್ ಬಟ್ಲರ್ ನಿಂತಾಗ ಸುಮಾರು ಒಂದು ಮುಕ್ಕಾಲು ಲಕ್ಷ. ಅಲ್ಲಿಗೆ ಪಕ್ಷ ಮುಗಿಯಿತು. ಹತ್ತು ವರ್ಷದ ಆಯುಸ್ಸು.

ಸೋಲಿಗೆ ನನ್ನ ಕಣ್ಣಿಗೆ ಕಾಣುವ ಕಾರಣ ಮೂರು.

ಒಂದು, ಮಳೆ. 1879ರ ಜನವರಿ 1ರಂದು ನೋಟಿಗೆ ಚಿನ್ನ ಕೊಡಲು ಶುರು ಮಾಡಿದಾಗ ಭೂಮಿ ಬಾಯಿ ಬಿಡಲಿಲ್ಲ. ಚಿನ್ನ ಕೇಳಲು ಬಂದವರೂ ಕಮ್ಮಿ. ಅದೇ ವರ್ಷ ಯುರೋಪಿನಲ್ಲಿ ಬೆಳೆ ಹಾಳಾಗಿ, ಅಮೆರಿಕದಲ್ಲಿ ಚೆನ್ನಾಗಿ ಬಂದು, ಬೆಲೆ ಸ್ವಲ್ಪ ಏರಿತು. ರೈತ ಸಭೆಗೆ ಬರುವುದು ಬಿಟ್ಟ. ಒಂದು ಒಳ್ಳೆಯ ಸುಗ್ಗಿ ಒಂದು ಚಳವಳಿಯನ್ನು ಕೊಲ್ಲುತ್ತದೆ. ರೋಗ ವಾಸಿಯಾಗಿರಲಿಲ್ಲ, ಜ್ವರ ಎರಡು ದಿನ ಬಿಟ್ಟಿತ್ತು, ಅಷ್ಟೇ.

ಎರಡು, ಹಳೆಯ ಪಕ್ಷದ ಮೋಹ. ಉತ್ತರದ ರೈತ ಲಿಂಕನ್ನನ ಪಕ್ಷಕ್ಕೆ, ದಕ್ಷಿಣದ ಬಿಳಿಯ ರೈತ ಅದರ ಎದುರು ಪಕ್ಷಕ್ಕೆ. ಯುದ್ಧದ ಗಾಯ ಹಸಿಯಾಗಿತ್ತು. ಪ್ರತಿ ಚುನಾವಣೆಯಲ್ಲೂ ಆ ಗಾಯ ಕೆರೆದರೆ ಸಾಕು, ರೈತ ಸಾಲ ಮರೆತು ಓಟು ಹಾಕುತ್ತಿದ್ದ. ದಕ್ಷಿಣದಲ್ಲಿ ಕಪ್ಪು ರೈತ, ಬಿಳಿಯ ಬಡರೈತ ಒಂದಾಗುವ ಸೂಚನೆ ಕಂಡೊಡನೆ ಬಣ್ಣದ ಭಯ ಎಬ್ಬಿಸುತ್ತಿದ್ದರು. ಬಣ್ಣ ಇರುವ ಜಾಗದಲ್ಲಿ ಜಾತಿ ಅಂತ ಇಟ್ಟು ಓದಿಕೊಳ್ಳಿ.

ಮೂರು, ಪಕ್ಷ ಇತ್ತು, ಕೆಳಗೆ ಸಂಘ ಇರಲಿಲ್ಲ. ಚುನಾವಣೆ ಬಂದಾಗ ಸಭೆ, ಆಮೇಲೆ ಮೌನ. ಕೆಲವು ರಾಜ್ಯಗಳಲ್ಲಿ ಒಂದೊಂದು ಸೀಟಿಗಾಗಿ ಹಳೆಯ ಪಕ್ಷಗಳ ಜೊತೆ ಹೊಂದಾಣಿಕೆ ಮಾಡಿಕೊಂಡರು. ಹೊಂದಾಣಿಕೆಯಲ್ಲಿ ಸಣ್ಣವನು ದೊಡ್ಡವನ ಹೊಟ್ಟೆಗೆ ಹೋಗುವುದೇ ಜಾಸ್ತಿ.

ಸೋತವರ ಮಾತು ಗೆದ್ದದ್ದು

ಪಕ್ಷ ಸತ್ತರೂ ಮಾತು ಸಾಯಲಿಲ್ಲ. ಟೆಕ್ಸಾಸಿನಲ್ಲಿ ಶುರುವಾದ ರೈತ ಒಕ್ಕೂಟ, ಫಾರ್ಮರ್ಸ್ ಅಲಯನ್ಸ್, ಅದನ್ನು ಎತ್ತಿಕೊಂಡಿತು. ಅವರು ಮೊದಲು ಊರೂರಲ್ಲಿ ಸಂಘ ಕಟ್ಟಿದರು, ಸಹಕಾರದಲ್ಲಿ ಮಾಲು ಮಾರಲು ಹೋದರು. ಬ್ಯಾಂಕು ಸಾಲ ಕೊಡದೆ ಅದು ಎಡವಿದಾಗ 1889ರ ಡಿಸೆಂಬರಿನಲ್ಲಿ ಚಾರ್ಲ್ಸ್ ಮಕೂನ್ ಎಂಬ ಮುಖಂಡ ಒಂದು ಯೋಜನೆ ಮುಂದಿಟ್ಟ. ಸರ್ಕಾರ ಗೋದಾಮು ಕಟ್ಟಲಿ. ಸುಗ್ಗಿಯಲ್ಲಿ ರೈತ ಮಾಲು ತಂದು ಇಡುತ್ತಾನೆ. ಮಾರುಕಟ್ಟೆ ಬೆಲೆಯ ನೂರಕ್ಕೆ 80ರಷ್ಟನ್ನು ಹೊಸ ಸರ್ಕಾರಿ ನೋಟಿನಲ್ಲಿ ಸಾಲ ಕೊಡಲಿ, ಬಡ್ಡಿ ವರ್ಷಕ್ಕೆ ನೂರಕ್ಕೆ ಒಂದು. ಬೆಲೆ ಬಂದಾಗ ಮಾರಿ ಸಾಲ ತೀರಿಸಲಿ. ಬೆಳೆ ಬಂದಾಗ ನೋಟು ಹುಟ್ಟುತ್ತದೆ, ಬೆಳೆ ಖರ್ಚಾದಾಗ ನೋಟು ವಾಪಸ್ ಹೋಗುತ್ತದೆ. ಹಾಲಿದ್ದಷ್ಟೇ ಚೀಟಿ. ವ್ಯಂಗ್ಯಚಿತ್ರಕ್ಕೆ ರೈತ ಕೊಟ್ಟ ಉತ್ತರ ಇದು.

ಶಾಸನ ಸಭೆ ಒಪ್ಪಲಿಲ್ಲ. 1892ರಲ್ಲಿ ಅದೇ ವೀವರ್ ಜನತಾ ಪಕ್ಷವೆಂಬ ಅರ್ಥದ ಪಾಪ್ಯುಲಿಸ್ಟ್ ಪಕ್ಷದಿಂದ ನಿಂತು ಹತ್ತು ಲಕ್ಷಕ್ಕೂ ಹೆಚ್ಚು ಓಟು ಪಡೆದ. 1896ರಲ್ಲಿ ಬೆಳ್ಳಿ ನಾಣ್ಯದ ಪ್ರಶ್ನೆಯ ಮೇಲೆ ನಿಂತ ಬ್ರಯನ್‌ನನ್ನು ಬೆಂಬಲಿಸಿ ಅವರೂ ಸೋತರು. ಆಮೇಲೆ ಒಂದು ವಿಚಿತ್ರ ನಡೆಯಿತು. ದಕ್ಷಿಣ ಆಫ್ರಿಕಾದಲ್ಲಿ, ಕೆನಡಾದ ಕ್ಲೊಂಡೈಕಿನಲ್ಲಿ ಹೊಸ ಚಿನ್ನ ಬಂತು. ನಮ್ಮ ಕೋಲಾರದ ಚಿನ್ನವೂ ಲಂಡನ್ನಿಗೆ ಹೋಗುತ್ತಿದ್ದ ಕಾಲ ಅದು. ಚಿನ್ನ ಹೆಚ್ಚಿತು, ದುಡ್ಡು ಹೆಚ್ಚಿತು, ಬೆಳೆಯ ಬೆಲೆ ಏರಿತು, ಸಾಲ ಹಗುರಾಯಿತು. ದುಡ್ಡಿನ ಪ್ರಮಾಣವೇ ರೈತನ ಬೆಲೆ ಎಂದು ಇಪ್ಪತ್ತು ವರ್ಷ ಹೇಳಿದವರನ್ನು ಹುಚ್ಚರೆಂದರು. ಕೊನೆಗೆ ಚಿನ್ನವೇ ಬಂದು ಅವರ ಪರ ಸಾಕ್ಷಿ ಹೇಳಿತು.

1933ರಲ್ಲಿ ಮಹಾ ಕುಸಿತದ ನಡುವೆ ರೂಸ್‌ವೆಲ್ಟ್ ಸರ್ಕಾರ ಮಾಡಿದ ಕೃಷಿ ಕಾನೂನನ್ನು ನೋಡಿ. ರೈತನ ಬೆಲೆ 1909ರಿಂದ 1914ರವರೆಗಿನ ಬೆಲೆಗೆ ಸಮನಾಗಿರಬೇಕು, ಅಂದರೆ ರೈತ ಮಾರುವುದಕ್ಕೂ ಕೊಳ್ಳುವುದಕ್ಕೂ ಆಗಿದ್ದ ಹೊಂದಾಣಿಕೆ ಮತ್ತೆ ಬರಬೇಕು ಎಂದು ಅದರಲ್ಲಿ ಬರೆದರು. ಬೇಕಾದರೆ 300 ಕೋಟಿ ಡಾಲರಿನವರೆಗೆ ಗ್ರೀನ್‌ಬ್ಯಾಕ್ ಮಾದರಿಯ ನೋಟು ಹೊರಡಿಸುವ ಅಧಿಕಾರವನ್ನೂ ಅದೇ ಕಾನೂನಿನಲ್ಲಿ ಕೊಟ್ಟರು, ಬಳಸಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಹುಟ್ಟಿದ ಸರಕು ಸಾಲ ನಿಗಮ ಹತ್ತಿಗೆ ಪೌಂಡಿಗೆ 10 ಸೆಂಟಿನಂತೆ, ಮುಸುಕಿನ ಜೋಳಕ್ಕೆ ಬುಷೆಲಿಗೆ 45 ಸೆಂಟಿನಂತೆ ಸಾಲ ಕೊಟ್ಟಿತು. ಷರತ್ತು ಕೇಳಿ. ಬೆಲೆ ಏರಿದರೆ ಸಾಲ ತೀರಿಸಿ ಮಾಲು ಬಿಡಿಸಿಕೊಂಡು ಮಾರಿಕೊ. ಏರದಿದ್ದರೆ ಮಾಲನ್ನು ಸರ್ಕಾರಕ್ಕೆ ಬಿಟ್ಟು ಎದ್ದು ಹೋಗು, ನಿನ್ನ ಸಾಲ ಮುಗಿಯಿತು. ಮಕೂನನ ಗೋದಾಮು ನಲವತ್ತನಾಲ್ಕು ವರ್ಷ ತಡವಾಗಿ ಬಂತು.

1971ರ ಆಗಸ್ಟ್ 15ರಂದು ಅಮೆರಿಕ ಡಾಲರಿಗೆ ಚಿನ್ನ ಕೊಡುವುದನ್ನೇ ನಿಲ್ಲಿಸಿತು. ಇವತ್ತು ಜಗತ್ತಿನ ದುಡ್ಡೆಲ್ಲ ಚಿನ್ನದ ಆಧಾರವಿಲ್ಲದ ಕಾಗದವೇ. ಪೀಟರ್ ಕೂಪರನ ಮಾತು ಗೆದ್ದಿತು. ಹಾಗಾದರೆ ರೈತನ ಸಾಲ ಯಾಕೆ ತೀರಲಿಲ್ಲ?

ಉತ್ತರ ಇಷ್ಟೇ. ಪ್ರಶ್ನೆ ಕಾಗದವೋ ಚಿನ್ನವೋ ಎಂಬುದಲ್ಲ. ಸೇರು ಯಾರ ಕೈಯಲ್ಲಿದೆ ಎಂಬುದು. ಗ್ರೀನ್‌ಬ್ಯಾಕ್ ರೈತರು ಕೇಳಿದ್ದು ಎರಡು: ಕಾಗದ ಆಗಲಿ, ಅದರ ಅಳತೆಯಲ್ಲಿ ದುಡಿಯುವವನಿಗೂ ಮಾತಿರಲಿ. ಮೊದಲನೆಯದು ಸಿಕ್ಕಿತು, ಎರಡನೆಯದು ಸಿಗಲಿಲ್ಲ.

ನಮಗೆ ಬೇಕಾದದ್ದು

ಅಳತೆ ಬೇರೆಯವರ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ನಾವು 2016ರ ನವೆಂಬರ್ 8ರಂದು ಕಂಡಿದ್ದೇವೆ. ಒಂದೇ ರಾತ್ರಿಯಲ್ಲಿ ಚಲಾವಣೆಯ ಮೌಲ್ಯದ ನೂರಕ್ಕೆ 86ರಷ್ಟು ನೋಟು ರದ್ದಾಯಿತು. ಮುಂಗಾರು ಬೆಳೆ ಮಾರುವ, ಹಿಂಗಾರು ಬಿತ್ತುವ ಹೊತ್ತು. ಆರೇ ದಿನದಲ್ಲಿ ಜಿಲ್ಲಾ ಸಹಕಾರಿ ಬ್ಯಾಂಕುಗಳು ಹಳೆ ನೋಟು ಮುಟ್ಟಕೂಡದು ಎಂದು ರಿಸರ್ವ್ ಬ್ಯಾಂಕಿನ ಆಜ್ಞೆ ಬಂತು. ರೈತನ ಬ್ಯಾಂಕೇ ಅದು! ದುಡ್ಡು ಕಮ್ಮಿಯಾದರೆ ಮೊದಲು ಬೀಳುವುದು ಕೊಳೆಯುವ ಮಾಲಿನ ಬೆಲೆ ಎಂಬುದನ್ನು ಮಂಡಿಗೆ ಹೋದವರೆಲ್ಲ ಕಂಡರು. ಸಾಲದ ಕಂತು ಮಾತ್ರ ಬೀಳಲಿಲ್ಲ.

ನಮ್ಮಲ್ಲಿ ಸಾಲ ಮನ್ನಾ ಹಲವು ಸಲ ಆಗಿದೆ. 1990ರಲ್ಲಿ ಹತ್ತು ಸಾವಿರ ರೂಪಾಯಿವರೆಗೆ, 2008ರಲ್ಲಿ ಕೇಂದ್ರದಿಂದ, 2018ರಲ್ಲಿ ರಾಜ್ಯದಿಂದ. ಬೇಡ ಅನ್ನುವವನು ನಾನಲ್ಲ, ಮುಳುಗುವವನಿಗೆ ಹಗ್ಗ ಬೇಕೇ ಬೇಕು. ಆದರೆ ಮನ್ನಾ ಆದ ಮೇಲೆ ಸೇರು ಹಾಗೆಯೇ ಇದ್ದರೆ ಸಾಲ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ. ಮನ್ನಾ ಅನ್ನುವುದು ಕೊಡುವವನ ಔದಾರ್ಯ. ಸೇರು ಸರಿಪಡಿಸುವುದು ನಮ್ಮ ಹಕ್ಕು.

ಆದ್ದರಿಂದ ಬೆಂಬಲ ಬೆಲೆಗೆ ಕಾನೂನಿನ ಬಲ ಬೇಕು ಎಂಬ ಬೇಡಿಕೆಯ ಜೊತೆಗೆ ಇನ್ನೊಂದನ್ನೂ ಸೇರಿಸಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿಯೂ ಗೋದಾಮಿನ ರಸೀದಿಯ ಮೇಲೆ ಸಾಲ ಕೊಡುವ ಪದ್ಧತಿ ಇದೆ, ಅದಕ್ಕೆ 2007ರ ಕಾನೂನೂ ಇದೆ. ಆದರೆ ಬೆಲೆ ಬಿದ್ದರೆ ಮಾಲೂ ಹೋಗಿ, ಉಳಿದ ಬಾಕಿಯೂ ರೈತನ ತಲೆಗೇ ಬರುತ್ತದೆ. ಅಲ್ಲಿ 1933ರಲ್ಲಿ ಕೊಟ್ಟ ಷರತ್ತು ಇಲ್ಲಿಯೂ ಬರಲಿ. ಬೆಂಬಲ ಬೆಲೆಯ ಲೆಕ್ಕದಲ್ಲಿ ಸಾಲ ಕೊಡಿ. ಬೆಲೆ ಬಂದರೆ ತೀರಿಸುತ್ತೇವೆ. ಬಾರದಿದ್ದರೆ ಮಾಲು ನಿಮ್ಮದು, ಋಣ ಮುಗಿಯಿತು. ಬೆಲೆ ಬೀಳುವ ಅಪಾಯವನ್ನು ಬೆಳೆದವನೊಬ್ಬನೇ ಯಾಕೆ ಹೊರಬೇಕು? ಬೆಲೆಯನ್ನು ಇಳಿಸಲು ರಫ್ತು ನಿಲ್ಲಿಸುವವರು, ಆಮದು ಬಿಡುವವರು ಅದರಲ್ಲಿ ಪಾಲು ಹೊರಲಿ.

ಇದನ್ನು ಕೇಳಲು ಮೊದಲು ನಮ್ಮ ಲೆಕ್ಕ ನಮಗೆ ಗೊತ್ತಿರಬೇಕು. ಮುಂದಿನ ಗ್ರಾಮ ಘಟಕದ ಸಭೆಗೆ ಬರುವಾಗ ಪ್ರತಿಯೊಬ್ಬರೂ ಪಾಸ್‌ಬುಕ್ಕು ತನ್ನಿ. ಸಾಲದ ರೂಪಾಯಿಯ ಪಕ್ಕದಲ್ಲಿ ಎರಡು ಸಂಖ್ಯೆ ಬರೆಯಿರಿ. ಸಾಲ ತಂದ ದಿನ ಅದು ಎಷ್ಟು ಕ್ವಿಂಟಾಲ್, ಇವತ್ತು ಎಷ್ಟು ಕ್ವಿಂಟಾಲ್. ಊರಿನ ಒಟ್ಟು ಲೆಕ್ಕ ಹಾಕಿ ತಾಲ್ಲೂಕಿಗೆ ಕಳಿಸಿ. ಅಧಿಕಾರಿ ಬಂದು ನೀನು ಬಾಕಿದಾರ ಅಂದಾಗ, ಸ್ವಾಮಿ, ಯಾವ ಸೇರಿನಲ್ಲಿ, ಅಂತ ಕೇಳಿ. ಆ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇಲ್ಲ. ನಮ್ಮ ಹತ್ತಿರ ಇರಲಿ.